ವಿದೇಶಿ ರೋಗಿಯ ಜೊತೆ ಇಂಗ್ಲಿಷ್: ವಾಕ್ಯಪಟ್ಟಿಯೋ, ರೋಲ್ ಪ್ಲೇಯೋ?

ಜಗಳೂರು, ಹೊಸದುರ್ಗ, ಮೊಳಕಾಲ್ಮೂರು ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ದಾವಣಗೆರೆಯ ನರ್ಸಿಂಗ್ ಕಾಲೇಜಿಗೆ ಬರುವ ಮಕ್ಕಳು ಅನಾಟಮಿ ಪುಸ್ತಕದ ಇಂಗ್ಲಿಷನ್ನು ಹೇಗೋ ಅರಗಿಸಿಕೊಳ್ಳುತ್ತಾರೆ. ಮುಂದೆ ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ವಿದೇಶಿ ರೋಗಿ ಎದುರಾದಾಗ ಬಾಯಿ ಕಟ್ಟುತ್ತದೆ. ಇದಕ್ಕೆ ತರಗತಿಯಲ್ಲಿ ಬಳಸಿ ನೋಡಿದ ಮೂರು ದಾರಿಗಳಿವು.

ವಾಕ್ಯಪಟ್ಟಿ ಶುರುವಿಗೆ ಬೇಕೇ ಬೇಕು. ದಿನಕ್ಕೆ ಐದಾರು ವಾಕ್ಯ ಸಾಕು, ಅವೂ ಒಂದೇ ಕೆಲಸದವು: ಇವತ್ತು ಬಿಪಿ ನೋಡುವುದು, ನಾಳೆ ಇಂಜೆಕ್ಷನ್ ಕೊಡುವುದು. ತೊಡಕಿರುವುದು ಉತ್ತರದಲ್ಲಿ. ‘ವೇರ್ ಈಸ್ ದ ಪೇನ್?’ ಎಂದು ತಪ್ಪಿಲ್ಲದೆ ಕೇಳುತ್ತಾರೆ. ರೋಗಿ ‘ಇಟ್ ಮೂವ್ಸ್ ಟು ಮೈ ಬ್ಯಾಕ್’ ಎಂದರೆ ಅದನ್ನು ಹಿಡಿಯದೆ ಪಟ್ಟಿಯ ಮುಂದಿನ ಪ್ರಶ್ನೆಗೆ ಹಾರುತ್ತಾರೆ. ‘ಲೂಸ್ ಮೋಷನ್’, ‘ಶುಗರ್’ ಕೂಡ ನಮ್ಮ ಕಡೆಯ ಮಾತು. ಹೊರಗಿನವರಿಗೆ ‘ಡಯರಿಯಾ’, ‘ಡಯಾಬಿಟಿಸ್’ ಎನ್ನಬೇಕು. ‘ಎನ್‌ಪಿಒ’ ಬದಲು ‘ಡೋಂಟ್ ಈಟ್ ಆರ್ ಡ್ರಿಂಕ್ ಎನಿಥಿಂಗ್’ ಎಂದು ಬಿಡಿಸಿ ಹೇಳಬೇಕು.

ಒಬ್ಬಳು ನರ್ಸ್, ಇನ್ನೊಬ್ಬಳು ರೋಗಿ ಆಗಿ ಮಾತಾಡುವ ರೋಲ್ ಪ್ಲೇ ಈ ಕೊರತೆಯನ್ನು ತುಂಬುತ್ತದೆ, ಅವರವರ ಪಾತ್ರದ ಕಾರ್ಡ್ ಸರಿಯಾಗಿ ಬರೆದಿದ್ದರೆ ಮಾತ್ರ. ಆರೋಗ್ಯ ಸೇವೆಯವರಿಗಾಗಿಯೇ ಇರುವ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯ ಅಳತೆಯೇ ಒಳ್ಳೆಯದು: ಮೂರು ನಿಮಿಷ ತಯಾರಿ, ಐದು ನಿಮಿಷ ಮಾತು. ನರ್ಸ್ ಕಾರ್ಡಿನಲ್ಲಿ ನಾಲ್ಕು ಕೆಲಸ. ರೋಗಿಯ ಕಾರ್ಡಿನಲ್ಲಿ ಕೇಳಿದರೆ ಮಾತ್ರ ಹೇಳುವ ಒಂದು ಗುಟ್ಟು: ಪೆನಿಸಿಲಿನ್ ಅಲರ್ಜಿ, ಅಥವಾ ಮಾತ್ರೆ ನಿಲ್ಲಿಸಿಬಿಟ್ಟದ್ದು. ಅದು ಹೊರಬರಲಿಲ್ಲವೆಂದರೆ ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಮಾತುಕತೆ ಸೋತಂತೆ. ಕೊನೆಗೆ ಮಾತ್ರೆ ಹೇಗೆ ತಗೋಬೇಕೆಂದು ರೋಗಿಯ ಬಾಯಲ್ಲೇ ಹೇಳಿಸಬೇಕು, ‘ಅಂಡರ್‌ಸ್ಟುಡ್?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಕಂಠಪಾಠಕ್ಕಿಂತ ಇದೇ ಮೇಲು ಎನ್ನಲು ನಮಗೆ ಈ ಎರಡು ಅಂಶಗಳೇ ಸಾಕು.

ಇದರಲ್ಲೂ ಕೆಡುವುದುಂಟು. ಗೆಳತಿಯರನ್ನೇ ಜೋಡಿ ಮಾಡಿದರೆ ತಡವರಿಸಿದ ಕೂಡಲೇ ಕನ್ನಡದಲ್ಲಿ ಹೇಳಿಕೊಟ್ಟುಬಿಡುತ್ತಾರೆ. ಮೂರನೆಯವಳನ್ನು ಗಮನಿಸಲು ಕೂರಿಸಿ, ಕೇಳದೇ ಬಿಟ್ಟ ಪ್ರಶ್ನೆಗಳನ್ನು ಬರೆಸಿ. ಇಬ್ಬರದ್ದೂ ಒಂದೇ ಉಚ್ಚಾರಣೆಯಾದ್ದರಿಂದ ಕಿವಿ ಪಳಗುವುದಿಲ್ಲ. ವಾರಕ್ಕೊಮ್ಮೆ ಬೇರೆ ದೇಶದವರ ಧ್ವನಿಮುದ್ರಿಕೆ ಕೇಳಿಸಿ. ಅರಬ್ ದೇಶದಿಂದ ಬಂದ ರೋಗಿಗೂ ಇಂಗ್ಲಿಷ್ ಎರವಲು ಭಾಷೆಯೇ, ಹಾಗಾಗಿ ಒಂದು ಸಲಕ್ಕೆ ಒಂದೇ ಪ್ರಶ್ನೆ.

ಮೂರನೆಯ ದಾರಿ ಐಇಎಲ್‌ಟಿಎಸ್ ಎಂಬ ಸಾಮಾನ್ಯ ಇಂಗ್ಲಿಷ್ ಪರೀಕ್ಷೆಯ ಮಾತಿನ ಅಭ್ಯಾಸ. ವಿದೇಶಕ್ಕೆ ಹೋಗುವ ಅರ್ಜಿಗೆ ಅದು ಬೇಕಾದವರಿಗೆ ಸರಿ. ಊರು, ಹವ್ಯಾಸಗಳ ಬಗ್ಗೆ ಮಾತು ಸರಾಗವಾಗುತ್ತದೆ, ವಾರ್ಡಿನ ಮಾತು ಬರುವುದಿಲ್ಲ.

ಯಾವುದನ್ನೇ ಹಿಡಿದರೂ ಅಂಕಿಗಳಿಗೆ ದಿನಕ್ಕೆ ಹತ್ತು ನಿಮಿಷ ಎತ್ತಿಡಿ. ‘ಫಿಫ್ಟೀನ್’, ‘ಫಿಫ್ಟಿ’ ಕಲಸಿಹೋದರೆ ಡೋಸೇ ತಪ್ಪುತ್ತದೆ. ‘ಫಿಫ್ಟೀನ್, ಒನ್ ಫೈವ್’ ಎಂದು ಬಿಡಿಸಿ ಹೇಳಿಸಿ, ಕೇಳಿದವಳಿಂದ ಮರುನುಡಿಸಿ, ಆಮೇಲೆ ಚಾರ್ಟಿನಲ್ಲಿ ಬರೆಸಿ.