ಒಂದೇ ಹೊಳೆ, ಮೂರು ದಾರಿ: ಮೈಸೂರಿನಿಂದ ಕಾವೇರಿ ದಂಡೆಯ ಊರುಗಳಿಗೆ

ಮೈಸೂರಿನಲ್ಲಿ ಮನೆ ಇದ್ದವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಬಂದ ನೆಂಟರನ್ನು ಸುತ್ತಾಡಿಸುವುದು. ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ಎಲ್ಲ ಮೊದಲ ದಿನಕ್ಕೇ ಮುಗಿಯುತ್ತದೆ. ಎರಡನೇ ದಿನ ಕಾಫಿ ಕುಡಿಯುತ್ತಾ "ಇವತ್ತೆಲ್ಲಿಗೆ?" ಎನ್ನುತ್ತಾರೆ. ಆಗ ನಾನು ಹೇಳುವುದು ಕಾವೇರಿ ದಂಡೆಯ ಊರುಗಳನ್ನು. ಶ್ರೀರಂಗಪಟ್ಟಣ, ಸೋಮನಾಥಪುರ, ತಿರುಮಕೂಡಲು ನರಸೀಪುರ, ತಲಕಾಡು. ಇದ್ದುದರಲ್ಲಿ ದೂರ ಅಂದ್ರೆ ತಲಕಾಡು, ಅದೂ ಸುಮಾರು 50 ಕಿಲೋಮೀಟರ್ ಅಷ್ಟೇ.

ಕಳೆದ ಒಂದು ವರ್ಷದಲ್ಲಿ ಈ ಕಡೆಗೆ ಮೂರು ಸಲ ಹೋದೆ. ಒಂದು ಸಲ ಟೂರ್ ಕಂಪನಿಯ ಬಸ್ಸಿನಲ್ಲಿ, ಇನ್ನೊಂದು ಸಲ ಬಾಡಿಗೆ ಕಾರು ಮತ್ತು ಗೈಡ್ ಜೊತೆ, ಮತ್ತೊಂದು ಸಲ ಸರ್ಕಾರಿ ಬಸ್ಸಿನಲ್ಲಿ ಹೋಗಿ ಅಲ್ಲಲ್ಲೇ ಸಿಕ್ಕಿದವರನ್ನು ಕೇಳಿಕೊಂಡು. ಮೂರಕ್ಕೂ ನಾನು ಇಟ್ಟುಕೊಂಡ ಅಳತೆ ಒಂದೇ. ಹೊಳೆಯ ಹತ್ತಿರ ಎಷ್ಟು ಹೊತ್ತು ಇದ್ದೆವು? ಇವು ಹೊಳೆಯಿಂದ ಹುಟ್ಟಿದ ಊರುಗಳು. ಹೊಳೆಯನ್ನೇ ನೋಡದೆ ಬಂದರೆ ಏನು ನೋಡಿದ ಹಾಗಾಯ್ತು, ಅಲ್ವಾ?

ಮೊದಲು ಟೂರ್ ಬಸ್ಸು. ಬೇಸಿಗೆ ರಜೆಯಲ್ಲಿ ಶಿವಮೊಗ್ಗದಿಂದ ಅತ್ತೆ ಬಂದಿದ್ದರು. ಮಂಡಿ ನೋವು, ಜಾಸ್ತಿ ನಡೆಯಲಾರರು. ತಲೆಗೆ 1,100 ರೂಪಾಯಿ, ಊಟ ನಮ್ಮದೇ. ಬೆಳಿಗ್ಗೆ ಏಳೂವರೆಗೆ ಮನೆ ಹತ್ತಿರದ ಸರ್ಕಲ್‌ನಲ್ಲೇ ಹತ್ತಿಸಿಕೊಂಡರು. ಎಸಿ ಇತ್ತು, ಸೀಟು ಮೆತ್ತಗಿತ್ತು. ಅತ್ತೆಗೆ ಪಕ್ಕದ ಸೀಟಿನ ಹುಬ್ಬಳ್ಳಿಯವರ ಜೊತೆ ಅರ್ಧ ಗಂಟೆಯಲ್ಲೇ ಸ್ನೇಹವಾಯಿತು. ಒಬ್ಬರೇ ಬಂದವರಿಗೆ, ದಾರಿಯ ಚಿಂತೆ ಬೇಡ ಎನ್ನುವವರಿಗೆ ಇದರಷ್ಟು ಸಲೀಸಾದದ್ದು ಬೇರೆ ಇಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನದು ಹೇಳುತ್ತೇನೆ.

ಶ್ರೀರಂಗಪಟ್ಟಣದಲ್ಲಿ ಗುಂಬಜ್‌ಗೆ ಸಿಕ್ಕಿದ್ದು ಹದಿನೈದು ನಿಮಿಷ. ಹೈದರಾಲಿ, ಟಿಪ್ಪು, ಟಿಪ್ಪುವಿನ ತಾಯಿ ಮೂವರ ಗೋರಿಯೂ ಒಂದೇ ಗುಮ್ಮಟದ ಕೆಳಗಿದೆ. ಅತ್ತೆ ಮೆಟ್ಟಿಲು ಹತ್ತಿ ಒಳಗೆ ಹೋಗುವಷ್ಟರಲ್ಲಿ ಗೈಡ್ ಸೀಟಿ ಊದಿದರು. ಹೌದು, ಸೀಟಿ! ಶಾಲೆಯ ಪಿಟಿ ಮೇಷ್ಟ್ರ ಹಾಗೆ. ರಂಗನಾಥನ ದರ್ಶನಕ್ಕೆ ಕ್ಯೂ ಇತ್ತು, ಹೊತ್ತೂ ಆಗಿತ್ತು, ಅರ್ಧ ಬಸ್ಸು ಹೊರಗಿನಿಂದಲೇ ಕೈ ಮುಗಿಯಿತು. ಆಮೇಲೆ ಒಂದು ರೇಷ್ಮೆ ಅಂಗಡಿ. ಅಲ್ಲಿ ಮಾತ್ರ ನಲವತ್ತೈದು ನಿಮಿಷ. ಸೀಟಿಯ ಸದ್ದೇ ಇಲ್ಲ.

ಸೋಮನಾಥಪುರದಲ್ಲಿ ಗೈಡ್ ಹೇಳಿದ್ದು, "ಇದನ್ನು ಕೆತ್ತಿದ್ದು ಅಮರಶಿಲ್ಪಿ ಜಕಣಾಚಾರಿ." ನಾವೆಲ್ಲ ತಲೆಯಾಡಿಸಿದೆವು. ಅದು ಸರಿಯಲ್ಲ ಎಂದು ಗೊತ್ತಾಗಿದ್ದು ಎರಡನೇ ಸಲ ಹೋದಾಗ. ನರಸೀಪುರದ ಸೇತುವೆ ದಾಟುವಾಗ ಮೈಕಿನಲ್ಲಿ "ಅಲ್ಲಿ ನೋಡಿ, ತ್ರಿವೇಣಿ ಸಂಗಮ" ಎಂದರು. ಅತ್ತೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಳ್ಳುವಷ್ಟರಲ್ಲಿ ಸೇತುವೆಯೇ ಮುಗಿಯಿತು. ತಲಕಾಡಿಗೆ ಬಂದಾಗ ಮೂರೂವರೆ. ಮರಳು ಕೆಂಡದ ಹಾಗೆ ಸುಡುತ್ತಿತ್ತು. ಗುಡಿಗಳ ನಡುವೆ ಚಾವಣಿ ಹಾಕಿದ ದಾರಿ ಇದೆ, ಅದಿಲ್ಲದಿದ್ದರೆ ಅತ್ತೆ ಬಸ್ಸಿನಿಂದ ಇಳಿಯುತ್ತಲೇ ಇರಲಿಲ್ಲ. ಎರಡು ಗುಡಿ ನೋಡಿ ವಾಪಸ್. ಹೊಳೆ? ದೂರದಿಂದ ಕಂಡಿತು. ಒಟ್ಟು ಲೆಕ್ಕ ಹಾಕಿದರೆ ಹತ್ತು ನಿಮಿಷ, ಅದೂ ಕಿಟಕಿಯಿಂದ ನೋಡಿದ್ದನ್ನೂ ಸೇರಿಸಿ.

ಎರಡನೇ ಸಲ ಆಗಸ್ಟ್‌ನಲ್ಲಿ. ಬೆಂಗಳೂರಿನಿಂದ ಅಕ್ಕ, ಭಾವ, ಅವರ ಮಗ ಬಂದಿದ್ದರು. ಭಾವ ಒಂದೇ ಮಾತು ಹೇಳಿದರು, "ದುಡ್ಡು ಹೋದರೆ ಹೋಗಲಿ, ಯಾರೂ ಸೀಟಿ ಊದಬಾರದು." ಕಾರಿಗೆ 4,200, ದಿನಪೂರ್ತಿ ಜೊತೆಗಿದ್ದ ಲೈಸೆನ್ಸ್ ಇರುವ ಗೈಡ್‌ಗೆ 2,500. ನಾಲ್ಕು ಜನರಿಗೆ ಹಂಚಿದರೆ ತಲೆಗೆ ಸಾವಿರದ ಆರುನೂರ ಎಪ್ಪತ್ತೈದು. ಟೂರ್ ಬಸ್ಸಿಗಿಂತ ಸುಮಾರು ಆರುನೂರೇ ಜಾಸ್ತಿ. ಆದರೆ ಇಬ್ಬರೇ ಇದ್ದರೆ ಈ ಲೆಕ್ಕ ಕೈ ಕಚ್ಚುತ್ತದೆ.

ಆ ಗೈಡ್ ಸುಮಾರು ಐವತ್ತೈದರ ಮನುಷ್ಯ, ಮಾತು ನಿಧಾನ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ನಮ್ಮನ್ನು ಮೊದಲು ಒಳಗೆ ಕರೆದುಕೊಂಡು ಹೋಗಲಿಲ್ಲ. ಹೊರಗೋಡೆಯ ಪೊಲ್ಲಿಲೂರು ಯುದ್ಧದ ಚಿತ್ರದ ಮುಂದೆ ನಿಲ್ಲಿಸಿದರು. 1780ರಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ ಯುದ್ಧ ಅದು. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನೆಯ ಕರ್ನಲ್ ಬೈಲಿಯನ್ನು ಅಕ್ಕನ ಮಗನಿಗೆ ಹುಡುಕಲು ಹೇಳಿದರು. ಅವನು ಹುಡುಕಿದ. ಅರ್ಧ ಗಂಟೆ ಆದಮೇಲೆ ಕೋಟೆಯೊಳಗೆ ಒಂದು ಸೆರೆಮನೆಗೆ ಇಳಿಸಿ, "ಇದಕ್ಕೆ ಯಾರ ಹೆಸರು ಗೊತ್ತಾ?" ಎಂದರು. ಹುಡುಗ ಕೂಗಿದ, "ಬೈಲಿ!" ಮೊದಲ ಸಲ ನಾನು ಇವೆರಡನ್ನೂ ನೋಡಿದ್ದೆ. ಒಂದಕ್ಕೊಂದು ಗಂಟು ಹಾಕಿರಲಿಲ್ಲ.

ಆಮೇಲೆ ಹೊಳೆ ಕಡೆಯ ಕೋಟೆ ಗೋಡೆಗೆ ಕರೆದುಕೊಂಡು ಹೋದರು. ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರು. ಕಾವೇರಿ ಕೆಂಪಗೆ, ದಡ ಮುಟ್ಟಿ ಹರಿಯುತ್ತಿತ್ತು. "1799ರ ಮೇ 4. ನಡುಮಧ್ಯಾಹ್ನ. ಇಂಗ್ಲಿಷ್ ಸೈನಿಕರು ಈ ಹೊಳೆಯನ್ನು ನಡೆದುಕೊಂಡೇ ದಾಟಿದರು" ಎಂದರು. ನಾವು ಆ ಪ್ರವಾಹ ನೋಡಿ ನಕ್ಕೆವು. ಅವರು ನಗಲಿಲ್ಲ. "ಅದಕ್ಕೇ ಮೇ ತಿಂಗಳು. ಬೇಸಿಗೆಯಲ್ಲಿ ಬಂಡೆಗಳೆಲ್ಲ ಎದ್ದು ಕಾಣುತ್ತವೆ. ಮಳೆ ಹಿಡಿದಿದ್ದರೆ ಈ ಹೊಳೆಯೇ ಟಿಪ್ಪುವಿನ ಕಂದಕ." ಸುತ್ತ ಹೊಳೆ ಇರುವ ದ್ವೀಪದಲ್ಲಿ ರಾಜಧಾನಿ ಯಾಕೆ ಕಟ್ಟಿದರು, ಅದು ಯಾಕೆ ಬಿತ್ತು, ಎರಡಕ್ಕೂ ಉತ್ತರ ಅಲ್ಲೇ ಹರಿಯುತ್ತಿತ್ತು. ಇಷ್ಟು ವರ್ಷ ಮೈಸೂರಲ್ಲಿದ್ದು ಈ ಮಾತು ನನಗೆ ಹೊಳೆದಿರಲಿಲ್ಲ ಅಂತ ಸ್ವಲ್ಪ ನಾಚಿಕೆಯೂ ಆಯಿತು.

ಇನ್ನೊಂದು ಜಾಣತನ ಮಾಡಿದರು. ಅಲಮೇಲಮ್ಮನ ಕಥೆಯನ್ನು ಶ್ರೀರಂಗಪಟ್ಟಣದಲ್ಲಿ ಅರ್ಧ ಹೇಳಿ ನಿಲ್ಲಿಸಿಬಿಟ್ಟರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದದ್ದು, ವಿಜಯನಗರದ ಪ್ರತಿನಿಧಿ ತಿರುಮಲರಾಯನ ಹೆಂಡತಿ ಅಲಮೇಲಮ್ಮ ಒಡವೆ ಸಮೇತ ಹೊರಟದ್ದು, ಒಡೆಯರ ಜನ ಬೆನ್ನು ಹತ್ತಿದ್ದು. "ಮಿಕ್ಕಿದ್ದು ತಲಕಾಡಲ್ಲಿ" ಎಂದು ಕಾರು ಹತ್ತಿದರು. ಹುಡುಗ ದಾರಿಯುದ್ದಕ್ಕೂ ಗೋಗರೆದರೂ ಬಾಯಿ ಬಿಡಲಿಲ್ಲ. ಸಂಜೆ ತಲಕಾಡಿನ ದಂಡೆಯಲ್ಲಿ ನಿಂತು ಮುಗಿಸಿದರು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ. ಎಲ್ಲರಿಗೂ ಬಾಯಿಪಾಠ ಇರುವ ಶಾಪ. ಆದರೆ ಒಂದು ಊರಿನಲ್ಲಿ ಶುರುವಾದ ಕಥೆ ಅದೇ ಹೊಳೆಗುಂಟ ಬಂದು ಇನ್ನೊಂದು ಊರಲ್ಲಿ ಮುಗಿಯುತ್ತದೆ ಎನ್ನುವುದು ಆವತ್ತು ಮೈಗೆ ತಾಗಿತು.

ಸೋಮನಾಥಪುರದಲ್ಲಿ ಜಕಣಾಚಾರಿಯ ಮಾತೆತ್ತಿದೆ. ಅವರು ನಕ್ಕು, "ಇಲ್ಲಿನ ಕೆಲವು ವಿಗ್ರಹಗಳ ಕೆಳಗೆ ಕೆತ್ತಿದವರೇ ಹೆಸರು ಹಾಕಿದ್ದಾರೆ. ಮಲ್ಲಿತಮ್ಮ ಅಂತ ಒಬ್ಬ. ಹೆಸರು ಬರೆದುಕೊಂಡವನನ್ನು ಬಿಟ್ಟು ಬರೆಯದವನನ್ನು ಯಾಕೆ ಹೇಳಬೇಕು?" ಎಂದರು. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ಈ ಗುಡಿಯೂ ಯುನೆಸ್ಕೋ ಪಟ್ಟಿಗೆ ಸೇರಿದೆ. ಈಗಲಾದರೂ ಆ ಮಲ್ಲಿತಮ್ಮನ ಹೆಸರು ನಾಲಿಗೆಗೆ ಬರಬೇಕು. ಪೂಜೆ ನಡೆಯದ ಗುಡಿ ಆದ್ದರಿಂದ ನಡುಮಧ್ಯಾಹ್ನ ಬಾಗಿಲು ಹಾಕುವ ತಾಪತ್ರಯವೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಇದನ್ನೇ ಇಟ್ಟುಕೊಳ್ಳಿ.

ಕಾರಿನ ಟೂರಿಗೆ ಕೊರತೆ ಇಲ್ವಾ? ಇದೆ. ಗೈಡ್ ಇಷ್ಟು ಚೆನ್ನಾಗಿ ಮಾತಾಡಿದರೆ ನಾವು ಅವರ ಬಾಯಿಯನ್ನೇ ನೋಡುತ್ತಿರುತ್ತೇವೆ. ಊರಿನವರ ಜೊತೆ ಒಂದು ಮಾತೂ ಆಡಲಿಲ್ಲ. ಡ್ರೈವರ್ ಮೂರು ಗಂಟೆಯಿಂದಲೇ "ಕತ್ತಲಾಗ್ತದೆ ಮೇಡಂ" ಎಂದು ರಾಗ ಶುರು ಮಾಡಿದ. ಪ್ರವಾಹದಿಂದಾಗಿ ಮೆಟ್ಟಿಲಿಗೆ ಹಗ್ಗ ಕಟ್ಟಿದ್ದರು, ತೆಪ್ಪ ನಿಲ್ಲಿಸಿದ್ದರು. ಹೊಳೆಯನ್ನು ಗಂಟೆಗಟ್ಟಲೆ ನೋಡಿದೆವು, ಕಾಲು ಮಾತ್ರ ಒದ್ದೆಯಾಗಲಿಲ್ಲ. ಇದು ಗೈಡ್ ತಪ್ಪಲ್ಲ, ತಿಂಗಳು ಆರಿಸಿದ ನಮ್ಮ ತಪ್ಪು.

ಮೂರನೆಯದು ಸಂಕ್ರಾಂತಿ ಕಳೆದ ಮೇಲೆ. ನಾನು, ನನ್ನ ಗೆಳತಿ, ಇಬ್ಬರೇ. ಶ್ರೀರಂಗಪಟ್ಟಣವನ್ನು ಬೇಕೆಂದೇ ಬಿಟ್ಟೆವು. ಅದು 15 ಕಿಲೋಮೀಟರ್, ಯಾವ ಭಾನುವಾರ ಬೇಕಾದರೂ ಹೋಗಬಹುದು. ಬೆಳಿಗ್ಗೆ ಏಳಕ್ಕೆ ನರಸೀಪುರದ ಬಸ್ಸು. ಆಧಾರ್ ತೋರಿಸಿದೆವು, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಈ ಟೂರಿನ ಬಸ್ ಖರ್ಚು ಅಷ್ಟೇ. ಗಂಡಸರು ಬೇಕಾದರೆ ಹೊಟ್ಟೆ ಉರಿದುಕೊಳ್ಳಲಿ.

ಎಂಟೂಕಾಲಿಗೆ ನರಸೀಪುರ. ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಇಡ್ಲಿ ತಿಂದು ಸಂಗಮಕ್ಕೆ ನಡೆದೆವು. ಟೂರ್ ಬಸ್ಸಿನ ಕಿಟಕಿಯಲ್ಲಿ ಒಂದು ಕ್ಷಣ ಕಂಡಿದ್ದ ಜಾಗ. ಈ ಕಡೆಯಿಂದ ಕಪಿಲೆ, ಆ ಕಡೆಯಿಂದ ಕಾವೇರಿ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರಿ ತ್ರಿವೇಣಿ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುತ್ತದೆ. ನಾವು ಹೋದಾಗ ಯಾರೋ ಮೂವರು ಬಟ್ಟೆ ಒಗೆಯುತ್ತಿದ್ದರು, ಒಬ್ಬ ಅಜ್ಜ ಅರ್ಘ್ಯ ಕೊಡುತ್ತಿದ್ದ. ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟೆವು. ಎಷ್ಟು ಹೊತ್ತು ಅಂತ ನೋಡಲಿಲ್ಲ. ಒಂದು ಗಂಟೆ ಮೇಲೇ ಇರಬೇಕು.

ಗುಂಜಾ ನರಸಿಂಹಸ್ವಾಮಿ ಗುಡಿಯಲ್ಲಿ ಹೂ ಮಾರುವ ಅಮ್ಮನೇ ನಮಗೆ ಗೈಡ್. "ಸ್ವಾಮಿ ಕೈಲಿ ಗುಲಗಂಜಿ ಅದೆ, ನೋಡಿಕೊಂಡು ಬನ್ನಿ ಮಗಾ. ಕಾಶಿಗಿಂತ ಒಂದು ಗುಲಗಂಜಿ ತೂಕ ನಮ್ಮೂರು ಜಾಸ್ತಿ" ಎಂದರು. ಒಂದು ಗುಲಗಂಜಿ! ಹೆಮ್ಮೆಯನ್ನೂ ಇಷ್ಟು ಕೈಬಿಗಿ ಹಿಡಿದು ತೂಗುವ ಊರು ಬೇರೆ ಇದ್ದೀತೇ? ಎರಡು ಮೊಳ ಹೂ ಕೊಂಡೆವು. ಗೈಡ್ ಫೀಸು ನಲವತ್ತು ರೂಪಾಯಿ ಅಂತ ಬರೆದುಕೊಂಡೆ.

ತಲಕಾಡಿನಲ್ಲಿ ವೈದ್ಯೇಶ್ವರನ ಗುಡಿ ಹತ್ತಿರ ಒಬ್ಬರು ಊರಿನವರು ಸಿಕ್ಕಿದರು. "ಬನ್ನಿ ಅಕ್ಕ, ಐದೂ ಗುಡಿ ಕಥೆ ಹೇಳ್ತೀನಿ. ಆ ಕಡೆ ಬ್ಯಾಡಿ, ಕಾಲು ಸುಡ್ತದೆ." ಮುನ್ನೂರು ರೂಪಾಯಿಗೆ ಒಪ್ಪಂದ. ಪಾತಾಳೇಶ್ವರನ ಲಿಂಗ ಹೊತ್ತಿಗೊಂದು ಬಣ್ಣ ಆಗುತ್ತದೆ ಎಂಬಲ್ಲಿಂದ ಶುರು. ಮರಳಿನ ತಗ್ಗಿಗೆ ಇಳಿದು ಕೀರ್ತಿನಾರಾಯಣ. ಚೋಳರಿಂದ ತಲಕಾಡು ಗೆದ್ದು ತಲಕಾಡುಗೊಂಡ ಎನಿಸಿಕೊಂಡ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ್ದು. ಇಸವಿ ಕೇಳಿದರೆ ಅವರು "ಬಾಳ ಹಿಂದೆ" ಎಂದರು. ಆದರೆ ಕೆಲವು ವರ್ಷಗಳಿಗೊಮ್ಮೆ ಬರುವ, ಐದೂ ಶಿವನ ಗುಡಿಗಳ ಪಂಚಲಿಂಗ ದರ್ಶನದ ವಿಷಯಕ್ಕೆ ಬಂದಾಗ ಅವರ ಮುಖವೇ ಬೇರೆಯಾಯಿತು. ದರ್ಶನಕ್ಕೆ ಮೊದಲು ಗುಡಿ ಮುಂದಿನ ಮರಳು ಬಳಿಯುವುದು, ಅಪ್ಪನ ಜೊತೆ ಬುಟ್ಟಿ ಹೊತ್ತದ್ದು, 2013ರ ಜನಜಂಗುಳಿ, 2020ರಲ್ಲಿ ಕೊರೊನಾ ಕಾಲದ ದರ್ಶನ. ಲೈಸೆನ್ಸ್ ಇದ್ದ ಗೈಡ್ ಇದನ್ನು ಹೇಳಿರಲಿಲ್ಲ. ಹೇಳಲು ಅವರು ಮರಳು ಹೊತ್ತವರಲ್ಲ.

ಮರಳು ಬಂದದ್ದು ಹೇಗೆ ಎಂದು ಕೇಳಿದೆ. ಕಾರಿನ ಗೈಡ್ ಹೇಳಿದ್ದು ನೆನಪಿತ್ತು. ಹಿಂದೆ ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟು ಕಟ್ಟಿದ ಮೇಲೆ ಹೊಳೆಯ ಪಾತ್ರ ಒಣಗಿ, ಗಾಳಿಗೆ ಮರಳು ಹಾರಿ ಊರ ಮೇಲೆ ಬಿತ್ತು ಎಂದು ಭೂವಿಜ್ಞಾನದವರು ಹೇಳುತ್ತಾರಂತೆ. ಇವರು ಅಲಮೇಲಮ್ಮನ ಶಾಪವನ್ನೇ ಹೇಳಿದರು. ಅಣೆಕಟ್ಟಿನ ಮಾತು ಎತ್ತಿದೆ. "ಗೊತ್ತು ಅಕ್ಕ. ಆದ್ರೆ ಅಣೆಕಟ್ಟಿನ ಕಥೆ ಹೇಳಿದ್ರೆ ಯಾರೂ ನಿಂತು ಕೇಳಕಿಲ್ಲ" ಎಂದರು.

ಆಮೇಲೆ ತೆಪ್ಪ. ಚಳಿಗಾಲದ ತಿಳಿನೀರು. ತೆಪ್ಪದವನು ನಡುಹೊಳೆಯಲ್ಲಿ ಗಿರಗಿರ ತಿರುಗಿಸಿ ನಮ್ಮಿಬ್ಬರ ಜೀವ ಬಾಯಿಗೆ ತಂದ. ದಂಡೆಯಲ್ಲಿ ಉಪ್ಪು ಖಾರ ಹಾಕಿದ ಸೌತೆಕಾಯಿ. ಇಲ್ಲಿ ಒಂದು ಎಚ್ಚರ. ಮೊಣಕಾಲಷ್ಟು ನೀರು ಅಂತ ಮುಂದೆ ಮುಂದೆ ಹೋಗಬೇಡಿ. ಮರಳಿನ ತಳ, ಒಂದು ಹೆಜ್ಜೆಗೆ ಆಳ ಬದಲಾಗುತ್ತದೆ. ಇಲ್ಲಿ ಮುಳುಗಿ ಹೋದವರ ಸುದ್ದಿ ಆಗಾಗ ಓದುತ್ತಲೇ ಇರುತ್ತೇವೆ.

ಈ ದಾರಿಯ ತೊಂದರೆ ಬಸ್ಸು ಕಾಯುವುದು. ಸೋಮನಾಥಪುರಕ್ಕೆ ಹೋಗಬೇಕೆಂದು ನರಸೀಪುರದಲ್ಲಿ ಐವತ್ತು ನಿಮಿಷ ಕಾದು, ಕೊನೆಗೆ ಬಿಟ್ಟು ಮನೆಗೆ ಬಂದೆವು. ಮೂರು ಊರು ಅಂದುಕೊಂಡವರು ನೋಡಿದ್ದು ಎರಡು. ಶೌಚಾಲಯದ ವಿಷಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಡಿ ನೋವಿನ ಅತ್ತೆಯನ್ನು ಈ ದಾರಿಯಲ್ಲಿ ಕರೆದೊಯ್ಯಲು ನನಗೆ ಧೈರ್ಯವಿಲ್ಲ.

ಹಾಗಾದರೆ ಯಾವುದು? ಮೊದಲ ಸಲ ಬರುವವರು, ಮಕ್ಕಳಿದ್ದವರು, ನಾಲ್ಕು ಜನ ಇದ್ದವರು ಕಾರು ಮತ್ತು ಗೈಡ್ ತೆಗೆದುಕೊಳ್ಳಿ. ಎರಡು ಊರು ಸಾಕು, ನಿಧಾನಕ್ಕೆ ನೋಡುತ್ತೇವೆ ಎನ್ನುವವರಿಗೆ ಸರ್ಕಾರಿ ಬಸ್ಸೇ ಸರಿ. ಟೂರ್ ಬಸ್ಸು ಹತ್ತುವವರು ದುಡ್ಡು ಕೊಡುವ ಮೊದಲು ಎರಡೇ ಪ್ರಶ್ನೆ ಕೇಳಿ. ತಲಕಾಡಿನಲ್ಲಿ ಎಷ್ಟು ಹೊತ್ತು? ದಾರಿಯಲ್ಲಿ ಅಂಗಡಿ ಎಷ್ಟು?

ಅತ್ತೆ ಮುಂದಿನ ತಿಂಗಳು ಮತ್ತೆ ಬರುತ್ತಿದ್ದಾರೆ. ಕಾರು ಹೇಳಿದ್ದೇನೆ, ಗೈಡ್ ಬೇಡ ಅಂದಿದ್ದೇನೆ. ನರಸೀಪುರ, ತಲಕಾಡು, ಎರಡೇ. ಫೋನಿನಲ್ಲಿ ಅವರು ಕೇಳಿದ್ದು ಗುಡಿಗಳ ಬಗ್ಗೆ ಅಲ್ಲ. "ಆ ಸಂಗಮದ ಹತ್ರ ಮೆಟ್ಟಿಲು ತುಂಬಾ ಎತ್ತರ ಏನೇ?"