ಹಳ್ಳಿಯ ಪಂಪು ಹುಡುಕಿಕೊಡುವ ನಕಾಶೆಗಳು

ಇಂಗ್ಲೆಂಡಿನ ಹಿರಿಯರು ತಮ್ಮ ಹುಟ್ಟೂರಿನ ಬಗ್ಗೆ ಬರೆದಿಟ್ಟ ನೆನಪುಗಳನ್ನು ಆಸ್ಥೆಯಿಂದ ಓದುವ ನನ್ನಂಥವರಿಗೆ, ಬೆಳಗಾವಿಯ ಟಿಳಕವಾಡಿಯಲ್ಲಿ ಕುಳಿತು ಆ ಊರುಗಳ ಓಣಿಗಳನ್ನು ಕಣ್ಣಮುಂದೆ ತಂದುಕೊಳ್ಳುವುದು ಸುಲಭವಲ್ಲ. ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯವು ಅಂತರ್ಜಾಲದಲ್ಲಿ ಉಚಿತವಾಗಿ ನೋಡಲು ಇಟ್ಟಿರುವ ಹಳೆಯ ನಕಾಶೆಗಳು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತವೆ.

1791ರಲ್ಲಿ ಆರಂಭವಾದ, ಬ್ರಿಟನ್ನಿನ ಸರಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೇ ತಯಾರಿಸಿದ ನಕಾಶೆಗಳ ಪೈಕಿ, ಮೈಲಿಗೆ 25 ಇಂಚಿನ ಅಳತೆಯ (ಅಂದರೆ ನೆಲದ ಮೇಲಿನ ಒಂದು ಮೈಲಿಯನ್ನು ಕಾಗದದಲ್ಲಿ ಸುಮಾರು 25 ಇಂಚಾಗಿ ತೋರಿಸುವ) ಹಾಳೆಗಳೇ ಈ ಸಂಗ್ರಹದ ಜೀವಾಳ. ಹೊಲದ ಬೇಲಿ, ಇಗರ್ಜಿ, ಕಮ್ಮಾರಸಾಲೆ, ಕಾಲುದಾರಿ ಎಲ್ಲವೂ ಅವುಗಳಲ್ಲಿವೆ. 'ಡಬ್ಲ್ಯು' ಎಂದಿದ್ದರೆ ಬಾವಿ, 'ಪಿ' ಎಂದಿದ್ದರೆ ಪಂಪು. ಅಜ್ಜಿಯೊಬ್ಬರು ಬಾಲ್ಯದಲ್ಲಿ ನೀರು ಹೊತ್ತುತಂದ ಪಂಪು ಶಾಲೆಯ ಹಿಂದಿತ್ತೋ ಹೆಂಡದಂಗಡಿಯ ಎದುರಿತ್ತೋ ಎಂಬುದನ್ನು ಆ ಒಂದೇ ಅಕ್ಷರ ತೀರ್ಮಾನಿಸಬಲ್ಲದು. ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲಿಟ್ಟು ನಿಧಾನವಾಗಿ ಮಸುಕುಗೊಳಿಸುವ ಸೌಲಭ್ಯವೂ ಇರುವುದರಿಂದ, ಯಾವ ತೋಟದ ಮೇಲೆ ಬಡಾವಣೆ ಎದ್ದಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. (ನಮ್ಮ ಖಡೇಬಜಾರಿಗೂ ಇಂಥದ್ದೊಂದು ಇದ್ದಿದ್ದರೆ!)

ಮಿತಿಗಳೂ ಇವೆ. ಸಾಗುವಳಿಯಿಲ್ಲದ ಬೆಟ್ಟಸೀಮೆಗೆ 25 ಇಂಚಿನ ಹಾಳೆಗಳಿಲ್ಲ. ಅಲ್ಲಿ 6 ಇಂಚಿನವೇ ಗತಿ. ಮನೆಗಳಲ್ಲಿ ಯಾರಿದ್ದರೆಂಬುದನ್ನು ನಕಾಶೆ ಹೇಳುವುದಿಲ್ಲವಾದ್ದರಿಂದ, ನೆನಪಿನ ಬರಹವನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು. ಮೊಬೈಲಿನ ಪುಟ್ಟ ಪರದೆಗಿಂತ ಕಂಪ್ಯೂಟರಿನಲ್ಲಿ ನೋಡುವುದು ಲೇಸು; ಹಾಳೆಯ ಅಂಚಿನಲ್ಲಿರುವ ಸರ್ವೇ ವರ್ಷವನ್ನು ಮೊದಲು ಓದಿಕೊಳ್ಳಿ.