ಸಿಮ್ಯುಲೇಟರ್‌ನಲ್ಲಿ ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್ ಕಲಿಯುತ್ತಿದ್ದೀರಾ? ಆ ‘ಬಿ’ ಕೀ ಬಗ್ಗೆ ಹುಷಾರು

ಅಭ್ಯಾಸಕ್ಕಾಗಿ ಹೊರಗೆ ಕಾಣದಂತೆ ತಲೆಗೆ ಹಾಕಿಕೊಂಡಿದ್ದ ಹುಡ್ ತೆಗೆದು ಹೊರಗೆ ನೋಡಿದೆ. ಮರಗಳು ತೀರಾ ಹತ್ತಿರ ಇದ್ದವು. ನನ್ನ ಲೆಕ್ಕದಲ್ಲಿ ನಾವು ನೆಲದಿಂದ 500 ಅಡಿ ಮೇಲಿರಬೇಕಿತ್ತು. ನಿಜವಾಗಿ ಇದ್ದದ್ದು ಸುಮಾರು 260 ಅಡಿ. ಆಕಾಶ ತಿಳಿಯಾಗಿತ್ತು, ಪಕ್ಕದಲ್ಲಿ ಕೂತಿದ್ದ ಇನ್‌ಸ್ಟ್ರಕ್ಟರ್‌ಗೆ ರನ್‌ವೇ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಏನೂ ಆಗಲಿಲ್ಲ. ಮೋಡದ ಒಳಗೆ ನಾನೊಬ್ಬನೇ ಇದ್ದಿದ್ದರೆ ಅನ್ನೋದನ್ನು ಈಗಲೂ ಯೋಚಿಸಲು ಇಷ್ಟವಿಲ್ಲ.

ಮಾಮೂಲಿ ಪೈಲಟ್ ಲೈಸೆನ್ಸ್ ನನಗೆ ಆಗಲೇ ಸಿಕ್ಕಿತ್ತು. ಮುಂದಿನದು ಇನ್‌ಸ್ಟ್ರುಮೆಂಟ್ ರೇಟಿಂಗ್. ಹೊರಗೆ ಏನೂ ಕಾಣದಿದ್ದಾಗ ಎದುರಿಗಿರುವ ಮುಳ್ಳುಗಳನ್ನಷ್ಟೇ ನಂಬಿ ವಿಮಾನ ಹಾರಿಸುವ ವಿದ್ಯೆ ಅದು. ಆ ತರಬೇತಿಗೆ ಸೇರುವ ಮುಂಚೆ ಒಂದು ವರ್ಷ ಮನೆಯ ಕಂಪ್ಯೂಟರ್ ಮುಂದೆ ಕೂತು 140 ಗಂಟೆ ಅಭ್ಯಾಸ ಮಾಡಿದ್ದೆ. ಮುಳ್ಳುಗಳು ಒಂದು ಕೂದಲೆಳೆ ಅಲ್ಲಾಡದಂತೆ ಇಳಿಸುತ್ತಿದ್ದೆ. ಇನ್‌ಸ್ಟ್ರಕ್ಟರ್ ಮೊದಲ ದಿನವೇ ಬೆರಗಾಗುತ್ತಾರೆ ಅಂತ ಅಂದುಕೊಂಡಿದ್ದೆ. ಸೊಕ್ಕು, ಇನ್ನೇನು.

ಈಗ ಆ ದಿನಕ್ಕೆ ಬರುತ್ತೇನೆ. ಆಲ್ಟಿಮೀಟರ್ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಅದು ಗಾಳಿಯ ಒತ್ತಡ ಅಳೆದು ಅದನ್ನು ಅಡಿಗಳಲ್ಲಿ ತೋರಿಸುತ್ತದೆ. ಒತ್ತಡ ಊರಿಂದ ಊರಿಗೆ, ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಅದಕ್ಕೇ ಅದರಲ್ಲಿ ಒಂದು ಪುಟ್ಟ ಕಿಟಕಿ, ಪಕ್ಕದಲ್ಲಿ ಒಂದು ತಿರುಗುಗುಂಡಿ ಇರುತ್ತವೆ. ರೇಡಿಯೋದಲ್ಲಿ ಹೇಳಿದ ಒತ್ತಡದ ಸಂಖ್ಯೆಯನ್ನು ಆ ಕಿಟಕಿಯಲ್ಲಿ ಕೂರಿಸಬೇಕು. ಸಮುದ್ರ ಮಟ್ಟದ ಹತ್ತಿರ ಒಂದು ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ತಪ್ಪಾದರೆ ಎತ್ತರ ಸುಮಾರು 27 ಅಡಿ ತಪ್ಪುತ್ತದೆ. ಒತ್ತಡ ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ಹೋಗಿ ಗುಂಡಿ ತಿರುಗಿಸದಿದ್ದರೆ ನೀವು ಅಂದುಕೊಂಡದ್ದಕ್ಕಿಂತ ಕೆಳಗಿರುತ್ತೀರಿ. ಪುಸ್ತಕದಲ್ಲಿ ಇದು ಮೊದಲ ಅಧ್ಯಾಯ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಬರೆದಿದ್ದೆ.

ಹೊರಟ ಜಾಗದಲ್ಲಿ ಒತ್ತಡ 1014 ಇತ್ತು. ಎರಡೂವರೆ ಗಂಟೆ ಹಾರಿದ ಮೇಲೆ, ಇಳಿಯಬೇಕಾದ ಕಡೆ 1005. ರೇಡಿಯೋದಲ್ಲಿ ಕೇಳಿಸಿಕೊಂಡೆ. ಸರಿಯಾಗಿ ತಿರುಗಿ ಹೇಳಿದೆ. ತೊಡೆಯ ಮೇಲಿದ್ದ ಹಾಳೆಯಲ್ಲಿ ಬರೆದೂಕೊಂಡೆ. ಗುಂಡಿ ಮಾತ್ರ ಮುಟ್ಟಲಿಲ್ಲ. ಬರೆದುಕೊಂಡ ಕೂಡಲೇ ನನ್ನ ತಲೆಯಲ್ಲಿ ಆ ಕೆಲಸ ಮುಗಿದುಹೋಗಿತ್ತು.

ಯಾಕೆ ಗೊತ್ತಾ? ನಾನು ಬಳಸುವ ಸಿಮ್ಯುಲೇಟರ್‌ನಲ್ಲಿ ಕೀಬೋರ್ಡಿನ ‘ಬಿ’ ಒತ್ತಿದರೆ ಸಾಕು, ಆಲ್ಟಿಮೀಟರ್ ತಾನೇ ಸರಿಯಾಗುತ್ತದೆ. ಸಂಖ್ಯೆ ಎಷ್ಟು ಅಂತ ಗೊತ್ತಿರಬೇಕಾಗೂ ಇಲ್ಲ. ಅದೂ ಸಾಲದು ಅಂತ ನಾನು ಯಾವಾಗಲೂ ಶುಭ್ರ ಹವಾಮಾನ ಆಯ್ದುಕೊಳ್ಳುತ್ತಿದ್ದೆ. ಅದರಲ್ಲಿ ಎಲ್ಲಿ ಹೋದರೂ ಒತ್ತಡ 1013. ಹಾಗಾಗಿ ಮರೆತರೂ ಏನೂ ಆಗುತ್ತಿರಲಿಲ್ಲ. 140 ಗಂಟೆ ನಾನು ಅಭ್ಯಾಸ ಮಾಡಿದ್ದು ಮರೆಯುವುದನ್ನೇ.

ಅವತ್ತು ನಾವು ಮಾಡುತ್ತಿದ್ದದ್ದು ವಿಓಆರ್ ಅಪ್ರೋಚ್, ಅಂದರೆ ನೆಲದ ಮೇಲಿನ ರೇಡಿಯೋ ಕೇಂದ್ರದ ಸಂಕೇತ ಹಿಡಿದು ರನ್‌ವೇ ಕಡೆಗೆ ಇಳಿಯುವುದು. ಐಎಲ್‌ಎಸ್ ಅನ್ನೋ ಇನ್ನೊಂದು ರೇಡಿಯೋ ವ್ಯವಸ್ಥೆ ಆಗಿದ್ದಿದ್ದರೆ ತಪ್ಪು ಗೊತ್ತಾಗುವ ಸಾಧ್ಯತೆ ಇತ್ತು. ಅದರಲ್ಲಿ ಗ್ಲೈಡ್‌ಸ್ಲೋಪ್ ಅನ್ನೋ ಇಳಿಜಾರಿನ ಸಂಕೇತ ಬರುತ್ತದೆ. ನಿಗದಿ ಜಾಗದಲ್ಲಿ ಆಲ್ಟಿಮೀಟರ್ ಎಷ್ಟು ತೋರಿಸಬೇಕು ಅಂತ ಚಾರ್ಟಿನಲ್ಲಿ ಬರೆದಿರುತ್ತದೆ. ಎರಡೂ ತಾಳೆಯಾಗದಿದ್ದರೆ ಅನುಮಾನ ಬರಬೇಕು. ವಿಓಆರ್ ಬರೀ ಎಡ, ಬಲ ಹೇಳುತ್ತದೆ. ಎತ್ತರದ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ.

“ಮಿನಿಮಮ್ಸ್” ಅಂದೆ, ಠೀವಿಯಿಂದ. ರನ್‌ವೇ ಕಾಣದೆ ಇದಕ್ಕಿಂತ ಕೆಳಗೆ ಇಳಿಯಬಾರದು ಅನ್ನೋ ಎತ್ತರ ಅದು.

“ಹೌದಾ? ಹುಡ್ ತೆಗೆದು ನೋಡಿ” ಅಂದರು ಇನ್‌ಸ್ಟ್ರಕ್ಟರ್. ನಾನು ನೋಡುತ್ತಿದ್ದಂತೆ ತಾವೇ ಥ್ರಾಟಲ್ ಪೂರ್ತಿ ಮುಂದಕ್ಕೆ ತಳ್ಳಿ ವಿಮಾನವನ್ನು ಮೇಲಕ್ಕೆತ್ತಿದರು.

ಕೆಳಗಿಳಿದ ಮೇಲೆ ಎರಡೇ ಪ್ರಶ್ನೆ ಕೇಳಿದರು. ರೇಡಿಯೋದಲ್ಲಿ ಎಷ್ಟು ಹೇಳಿದರು? 1005, ಸರ್. ಕಿಟಕಿಯಲ್ಲಿ ಎಷ್ಟಿದೆ? ನೋಡಿದೆ. 1014. ಅವರು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

‘ಬಿ’ಗೆ ಒಬ್ಬ ತಮ್ಮ ಇದ್ದಾನೆ, ‘ಡಿ’ ಅಂತ. ವಿಮಾನದ ದಿಕ್ಕು ತೋರಿಸುವ ಹೆಡಿಂಗ್ ಇಂಡಿಕೇಟರ್ ಒಳಗಿರುವ ಗೈರೋ (ವೇಗವಾಗಿ ತಿರುಗುವ ಚಕ್ರ) ನಿಧಾನವಾಗಿ ಜಾರುತ್ತಾ ಹೋಗುತ್ತದೆ. ಸುಮಾರು 15 ನಿಮಿಷಕ್ಕೊಮ್ಮೆ ಅದನ್ನು ಅಯಸ್ಕಾಂತದ ದಿಕ್ಸೂಚಿಗೆ ಹೋಲಿಸಿ ಸರಿ ಮಾಡಬೇಕು. ಅದೂ ವಿಮಾನ ನೇರವಾಗಿ, ಒಂದೇ ವೇಗದಲ್ಲಿ ಹೋಗುತ್ತಿರುವಾಗ ಮಾತ್ರ. ತಿರುಗುವಾಗ, ವೇಗ ಬದಲಾಗುವಾಗ ದಿಕ್ಸೂಚಿಯೇ ಸುಳ್ಳು ಹೇಳುತ್ತದೆ. ಸಿಮ್ಯುಲೇಟರ್‌ನಲ್ಲಿ ಗೈರೋ ಜಾರಾಟ ಒಂದು ಸೆಟ್ಟಿಂಗ್, ನನ್ನದರಲ್ಲಿ ಅದು ಆಫ್ ಆಗಿತ್ತು. ಆನ್ ಇದ್ದರೂ ‘ಡಿ’ ಒತ್ತಿದರೆ ಮುಗೀತು. ನಿಜವಾದ ವಿಮಾನದಲ್ಲಿ 12 ಡಿಗ್ರಿ ತಪ್ಪು ದಿಕ್ಕಿನಲ್ಲಿ ಹೋಗುತ್ತಾ ನಾನು ಗಾಳಿಯನ್ನು ಶಪಿಸುತ್ತಿದ್ದೆ.

ಇನ್ನು ಪಾಸ್ (pause) ಬಟನ್, ಹಾರಾಟವನ್ನು ಇದ್ದಲ್ಲೇ ನಿಲ್ಲಿಸಿಬಿಡುವುದು. ಚಾರ್ಟ್ ಓದಬೇಕಾದಾಗಲೆಲ್ಲ ನಾನು ಪಾಸ್ ಮಾಡುತ್ತಿದ್ದೆ. ಫೋನ್ ಬಂದರೆ ಪಾಸ್. ಹೋಲ್ಡಿಂಗ್‌ಗೆ (ಒಂದು ಬಿಂದುವಿನ ಬಳಿ ಸುತ್ತು ಹಾಕುತ್ತಾ ಕಾಯುವುದು) ಯಾವ ಕಡೆಯಿಂದ ಸೇರಬೇಕು ಅಂತ ಗೊಂದಲವಾದರೆ ಪಾಸ್, ಒಂದು ಕಾಗದ, ಒಂದು ಪೆನ್ನು. 90 ನಾಟ್ ವೇಗದ ವಿಮಾನ ನಿಮಿಷಕ್ಕೆ ಒಂದೂವರೆ ನಾಟಿಕಲ್ ಮೈಲಿ ಹೋಗುತ್ತದೆ. ನೀವು ಅರ್ಧ ನಿಮಿಷ ಚಾರ್ಟ್ ನೋಡುತ್ತಾ ಕೂತರೆ ಮುಕ್ಕಾಲು ಮೈಲಿ ಕಳೆದಿರುತ್ತದೆ. ಮೊದಲ ಹೋಲ್ಡಿಂಗ್‌ನಲ್ಲಿ ನಾನು ಇನ್ನೂ ಯೋಚಿಸುತ್ತಿದ್ದೆ, ವಿಮಾನ ಆ ಬಿಂದು ದಾಟಿ ಎಲ್ಲಿಗೋ ಹೊರಟಿತ್ತು.

ಟ್ರಿಮ್, ಅಂದರೆ ಕಂಟ್ರೋಲ್ ಹಿಡಿದ ಕೈಗೆ ಬೀಳುವ ಭಾರ ಕಮ್ಮಿ ಮಾಡುವ ಹೊಂದಾಣಿಕೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಪ್ರಿಂಗ್ ಇರುವ ಜಾಯ್‌ಸ್ಟಿಕ್‌ನಲ್ಲಿ ಟ್ರಿಮ್ ಕಲಿತಿದ್ದರೆ ಅದನ್ನು ಮರೆತು ಬಂದುಬಿಡಿ, ಕೈಗೆ ಸಿಗುವ ಭಾರವೇ ಬೇರೆ. ನಾನು ಪರದೆಯ ಮೇಲೆ ಆರು ಮುಖ್ಯ ಉಪಕರಣಗಳನ್ನು ಜೂಮ್ ಮಾಡಿ ಅಂಗೈ ಅಗಲಕ್ಕೆ ತಂದಿಟ್ಟುಕೊಂಡಿದ್ದೆ. ಅಲ್ಲಿ ಕಣ್ಣು ಓಡಾಡಬೇಕಾಗಿರಲಿಲ್ಲ. ವಿಮಾನದಲ್ಲಿ ಓಡಾಡಬೇಕು, ಕತ್ತೂ ತಿರುಗಬೇಕು.

ಕತ್ತು ತಿರುಗಿದಾಗ ಏನಾಗುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡನೇ ಪಾಠದಲ್ಲಿ ಪೆನ್ನು ಬಿತ್ತು. ಬಗ್ಗಿ ಎತ್ತಿಕೊಂಡೆ. ಅಷ್ಟರಲ್ಲಿ ವಿಮಾನ ಸದ್ದಿಲ್ಲದೆ ಬಲಕ್ಕೆ ವಾಲಿತ್ತು. ಉಪಕರಣ ನೋಡಿ ಸಮ ಮಾಡಿದೆ. ಸಮ ಮಾಡಿದ ಕ್ಷಣದಿಂದ ನನ್ನ ಇಡೀ ಮೈ, ಎಡಕ್ಕೆ ವಾಲಿದ್ದೀಯ, ಬೀಳುತ್ತೀಯ ಅಂತ ಕೂಗತೊಡಗಿತು. ಮುಳ್ಳು ನೇರ ಇದೆ ಅನ್ನುತ್ತಿದೆ, ಹೊಟ್ಟೆ ಇಲ್ಲ ಅನ್ನುತ್ತಿದೆ. ನಾನು ಸೀಟಿನಲ್ಲೇ ಬಲಕ್ಕೆ ಓರೆಯಾಗಿ ಕೂತಿದ್ದೆ, ನನಗೇ ಗೊತ್ತಿರಲಿಲ್ಲ. ಕಿವಿಯೊಳಗಿನ ಅರ್ಧವೃತ್ತದ ನಾಳಗಳಲ್ಲಿರುವ ದ್ರವದ ಆಟ ಇದು. ತುಂಬಾ ನಿಧಾನವಾದ ವಾಲಾಟ ಅದಕ್ಕೆ ತಿಳಿಯುವುದಿಲ್ಲ. ಅದನ್ನು ಸರಿಪಡಿಸುವ ಚುರುಕಾದ ಚಲನೆ ಮಾತ್ರ ತಿಳಿಯುತ್ತದೆ. ಮನೆಯ ಕುರ್ಚಿ 140 ಗಂಟೆಯಲ್ಲಿ ಒಮ್ಮೆಯೂ ವಾಲಿರಲಿಲ್ಲ. ಅಲ್ಲಿ ಮುಳ್ಳನ್ನು ನಂಬುವುದು ಸುಲಭ, ಎದುರುವಾದ ಮಾಡುವವರು ಯಾರೂ ಇಲ್ಲವಲ್ಲ!

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದ್ದರು. ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರಿಗೆ ಹೊರಗಿನದು ಕಾಣದಂತೆ ಮಾಡಿ ವಿಮಾನ ಕೊಟ್ಟರು. 20 ಜನರೂ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸಮಯ ಸರಾಸರಿ 178 ಸೆಕೆಂಡ್. ಮೂರು ನಿಮಿಷಕ್ಕೆ ಎರಡು ಸೆಕೆಂಡ್ ಕಮ್ಮಿ. ನಾನು ತರಬೇತಿ ಆದವನು ಅಂತ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಇನ್ನೊಂದು ವಿಷಯದಲ್ಲಿ ನಿಜವಾಗಿಯೂ ಮೋಸ ಹೋದೆ. ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ತೆಗೆದುಕೊಂಡಿದ್ದೆ. ಈ ಗಂಟೆಗಳೆಲ್ಲ ಲಾಗ್‌ಬುಕ್ಕಿಗೆ ಸೇರುತ್ತವೆ ಅಂದಿದ್ದರು. ಒಂದು ಗಂಟೆಯೂ ಸೇರಲಿಲ್ಲ. ಲೆಕ್ಕಕ್ಕೆ ಬರಬೇಕಾದರೆ ಯಂತ್ರಕ್ಕೆ ವಿಮಾನಯಾನ ಪ್ರಾಧಿಕಾರದ ಮಂಜೂರಾತಿ ಇರಬೇಕು, ಇನ್‌ಸ್ಟ್ರಕ್ಟರ್ ಸಹಿ ಬೇಕು. ಅದಕ್ಕೂ ಮಿತಿ ಉಂಟು. ಅಮೆರಿಕದ ಎಫ್‌ಎಎ ನಿಯಮದಲ್ಲಿ ಈ ರೇಟಿಂಗ್‌ಗೆ ಮಂಜೂರಾದ ಸಾದಾ ತರಬೇತಿ ಯಂತ್ರದ 10 ಗಂಟೆ, ಸುಧಾರಿತ ಯಂತ್ರದ 20 ಗಂಟೆ ಲೆಕ್ಕಕ್ಕೆ ಸೇರಿಸಬಹುದು. ನಿಮ್ಮ ದೇಶದ ನಿಯಮ ಓದದೆ ಇಂಥ ಮಾತಿಗೆ ದುಡ್ಡು ಕೊಡಬೇಡಿ.

ಹಾಗಂತ ಸಿಮ್ಯುಲೇಟರ್ ಬಿಸಾಕಿ ಅನ್ನುತ್ತಿಲ್ಲ. ಈ ವಿದ್ಯೆ ಬೆಳೆದದ್ದೇ ಅಂಥ ಯಂತ್ರದ ಜೊತೆ. ಎಡ್ವಿನ್ ಲಿಂಕ್ ಅನ್ನುವಾತ 1929ರಲ್ಲಿ, ತಂದೆಯ ಪಿಯಾನೋ ಮತ್ತು ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ ಅಲ್ಲಾಡುವ ಪೆಟ್ಟಿಗೆಯೊಂದನ್ನು ಮಾಡಿದ. 1934ರಲ್ಲಿ ಅಂಚೆ ಹೊತ್ತು ಹಾರುತ್ತಿದ್ದ ಸೇನೆಯ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸತ್ತ ಮೇಲೆ ಅಮೆರಿಕದ ಸೇನೆ ಅಂಥವನ್ನು ಕೊಂಡಿತು. ಆ ಪೆಟ್ಟಿಗೆಯ ಹೊರಗೆ ಮೇಜಿನ ಮುಂದೆ ಒಬ್ಬ ಇನ್‌ಸ್ಟ್ರಕ್ಟರ್ ಕೂತಿರುತ್ತಿದ್ದರು. ಅವರ ನಕ್ಷೆಯ ಮೇಲೆ ಒಂದು ಸಣ್ಣ ಚಕ್ರದ ಸಾಧನ ವಿದ್ಯಾರ್ಥಿ ಹೋದ ದಾರಿಯನ್ನು ಗೀಚುತ್ತಾ ಹೋಗುತ್ತಿತ್ತು. ನನ್ನ ಮನೆಯಲ್ಲಿ ಆ ಮೇಜು ಖಾಲಿ. ಪೈಲಟ್ಟೂ ನಾನೇ, ಮೇಷ್ಟ್ರೂ ನಾನೇ, ಮಾರ್ಕು ಹಾಕಿಕೊಂಡವನೂ ನಾನೇ.

ಹಳೆಯ ಅಭ್ಯಾಸ ಬಿಡಿಸಲು ವಿಮಾನದಲ್ಲೇ ಆರು ಗಂಟೆ ಬೇಕಾಯಿತು. ಈಗ ಮನೆಯಲ್ಲಿ ‘ಬಿ’, ‘ಡಿ’, ಪಾಸ್, ಮೂರೂ ಕೀಗಳನ್ನು ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿದ್ದೇನೆ. ಗೈರೋ ಜಾರಾಟ ಆನ್, ಹವಾಮಾನ ಆ ಹೊತ್ತಿಗೆ ನಿಜವಾಗಿ ಇರುವುದೇ. ಗೈರೋಗಳನ್ನು ತಿರುಗಿಸುವ ವ್ಯಾಕ್ಯೂಮ್ ಪಂಪ್ ಯಾವಾಗ ಬೇಕಾದರೂ ಕೆಡುವಂತೆ ಇಟ್ಟಿದ್ದೇನೆ. ಅದು ಕೆಟ್ಟರೆ ವಿಮಾನ ಎತ್ತ ವಾಲಿದೆ ಅಂತ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಮೆಲ್ಲಗೆ ಓರೆಯಾಗುತ್ತಾ ಸುಳ್ಳು ಹೇಳಲು ಶುರು ಮಾಡುತ್ತದೆ. ವಿದ್ಯುತ್ತಿನಿಂದ ನಡೆಯುವ, ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ಜೊತೆ ತಾಳೆ ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ಹಾರಾಟ ಮುಗಿದ ಮೇಲೆ ದಾರಿಯ ಗೆರೆಯನ್ನು ಇನ್‌ಸ್ಟ್ರಕ್ಟರ್‌ಗೆ ಕಳಿಸುತ್ತೇನೆ. ಅವರು ಒಂದೊಂದು ಸಲ ಬರೀ ಒಂದು ಪ್ರಶ್ನೆ ಚಿಹ್ನೆ ವಾಪಸ್ ಕಳಿಸುತ್ತಾರೆ.

ಕಳೆದ ವಾರ ಮನೆಯಲ್ಲಿ ವಿಓಆರ್ ಅಪ್ರೋಚ್ ಮಾಡಿದೆ. ಮೋಡ ದಟ್ಟವಾಗಿತ್ತು, ಒತ್ತಡ 996. ಕೇಳಿಸಿಕೊಂಡೆ, ಬರೆದುಕೊಂಡೆ. ಮಿನಿಮಮ್ಸ್‌ಗೆ ಬರುತ್ತಿದ್ದಂತೆ ಎಡಗೈ ತೋರುಬೆರಳು ಕೀಬೋರ್ಡ್ ಮೇಲೆ ಒಂದು ಕೀ ಹುಡುಕುತ್ತಿರುವುದು ಕಂಡಿತು. ಆಗ ಕಿಟಕಿ ನೋಡಿದೆ. 1008.